ಎರಡನೆಯ ಜ್ವರ: ಕಾಸರಗೋಡಿನ ಒಂದು ಐಸಿಯುವಿನಲ್ಲಿ ಕಂಡ ಔಷಧನಿರೋಧಕ ರಕ್ತಸೋಂಕು

ಒಬ್ಬ ರೋಗಿಯ ರಕ್ತದಲ್ಲಿ ಹತ್ತು ದಿನಗಳ ಅಂತರದಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ಬೆಳೆದವು. ಮೊದಲನೆಯದು ಅವರ ಜೊತೆಗೇ ಮನೆಯಿಂದ ಬಂದದ್ದು, ಎರಡನೆಯದು ನಮ್ಮ ಆಸ್ಪತ್ರೆಯಲ್ಲಿ ಅವರಿಗೆ ತಗುಲಿದ್ದು. ಮೊದಲನೆಯದಕ್ಕೆ ಔಷಧ ನಮ್ಮ ಫಾರ್ಮಸಿಯ ಕಪಾಟಿನಲ್ಲೇ ಇತ್ತು. ಎರಡನೆಯದಕ್ಕೆ ಔಷಧ ಹುಡುಕುವಷ್ಟರಲ್ಲಿ ಒಂದು ಇಡೀ ದಿನ ಕಳೆದಿತ್ತು. ನಾನು ಕಾಸರಗೋಡು ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಮೈಕ್ರೋಬಯಾಲಜಿ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಈ ಪ್ರಕರಣದಲ್ಲಿ ಪ್ರಯೋಗಾಲಯದ ಮೇಜಿನಿಂದಲೂ, ನಂತರ ರೋಗಿಯ ಮಂಚದ ಬಳಿಯಿಂದಲೂ ನಾನು ಕಂಡದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಊರು ಮುಂತಾದ ವಿವರಗಳನ್ನು ಬದಲಿಸಿದ್ದೇನೆ.

ರೋಗಿಗೆ ಅರುವತ್ತು ದಾಟಿತ್ತು. ಬದಿಯಡ್ಕದ ಕಡೆಯ ಅಡಿಕೆ ತೋಟದ ಮನೆಯವರು. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಮಳೆಗಾಲದ ನಡುವಿನ ಒಂದು ರಾತ್ರಿ ಮಗ ಮತ್ತು ಸೊಸೆ ಅವರನ್ನು ಕರೆತಂದಾಗ ಜ್ವರ 103 ಡಿಗ್ರಿ ಇತ್ತು, ಮೈ ನಡುಗುತ್ತಿತ್ತು, ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಬರುತ್ತಿತ್ತು. ರಕ್ತದೊತ್ತಡ 84/50. ಸಂಜೆ ಊರಿನ ಕ್ಲಿನಿಕ್ಕಿನಲ್ಲಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಒಂದನ್ನು ಕೊಟ್ಟು ಕಳಿಸಿದ್ದರು, ಆದರೆ ಅದಕ್ಕೆ ಮೊದಲು ರಕ್ತವನ್ನಾಗಲಿ ಮೂತ್ರವನ್ನಾಗಲಿ ಪರೀಕ್ಷೆಗೆ ತೆಗೆದಿರಲಿಲ್ಲ. ಮೂತ್ರದಲ್ಲಿ ಕೀವಿನ ಕಣಗಳು ತುಂಬಿದ್ದವು, ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 2.1ಕ್ಕೆ ಮುಟ್ಟಿತ್ತು. ಮೂತ್ರಕೋಶದಲ್ಲಿ ಆರಂಭವಾದ ಸೋಂಕು ಮೂತ್ರಪಿಂಡಕ್ಕೇರಿ, ಅಲ್ಲಿಂದ ರಕ್ತಕ್ಕೆ ಇಳಿದಿದೆಯೆಂಬುದು ಆ ರಾತ್ರಿ ಕರ್ತವ್ಯದಲ್ಲಿದ್ದ ವೈದ್ಯರಿಗೆ ಸ್ಪಷ್ಟವಾಗಿತ್ತು, ಅವರ ಊಹೆ ಸರಿಯಾಗಿಯೂ ಇತ್ತು.

ಅವರು ಮಾಡಿದ ಮೊದಲ ಕೆಲಸವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಅಷ್ಟು ಗಡಿಬಿಡಿಯಲ್ಲಿಯೂ, ಪಿಪರಾಸಿಲಿನ್-ಟಾಜೊಬ್ಯಾಕ್ಟಮ್ ಆರಂಭಿಸುವ ಮೊದಲು, ಎರಡು ಕೈಗಳಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡಲು ಎರಡು ಜೊತೆ ಬಾಟಲಿ ರಕ್ತ, ಅಂದರೆ ಬ್ಲಡ್ ಕಲ್ಚರ್, ತೆಗೆದಿದ್ದರು. ಸೋಂಕಿನಿಂದ ರಕ್ತದೊತ್ತಡ ಕುಸಿಯುವ ಸೆಪ್ಟಿಕ್ ಶಾಕ್ ಇರುವಾಗ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಹೋಗಬೇಕು. ಆ ಒಂದು ಗಂಟೆಯೊಳಗೇ ರಕ್ತ ತೆಗೆಯಲು ಐದು ನಿಮಿಷ ಹೊಂದಿಸುವವರು ನಮ್ಮಲ್ಲಿ ಇನ್ನೂ ಕಡಿಮೆ. ಒಂದೊಂದು ಬಾಟಲಿಗೆ 8ರಿಂದ 10 ಮಿಲಿಲೀಟರ್ ರಕ್ತ ಬೇಕು, ಏಕೆಂದರೆ ವಯಸ್ಕರ ರಕ್ತದಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಬಹಳ ಕಡಿಮೆ, ಎಷ್ಟೋ ಸಲ ಒಂದು ಮಿಲಿಲೀಟರಿಗೆ ಒಂದಕ್ಕಿಂತಲೂ ಕಡಿಮೆ. ನರ ಸಿಗದೆ ಎಡಗೈಯ ಬಾಟಲಿಗೆ ಮೂರು ಮಿಲಿಲೀಟರಿನಷ್ಟೇ ಬಿದ್ದಿತ್ತು. ಬಲಗೈಯದು ಸರಿಯಾಗಿ ತುಂಬಿತ್ತು.

ಆದರೆ ಆ ಬಾಟಲಿಗಳು ನನ್ನ ಕೈ ಸೇರಿದ್ದು ಮರುದಿನ ಬೆಳಿಗ್ಗೆ ಎಂಟೂವರೆಗೆ. ಮುಟ್ಟಿದ ಕೂಡಲೇ ಗೊತ್ತಾಯಿತು, ಗಾಜು ತಣ್ಣಗಿತ್ತು, ಮೇಲೆ ನೀರಿನ ಹನಿಗಳು ಕಟ್ಟಿದ್ದವು. ರಾತ್ರಿ 11.40ಕ್ಕೆ ತೆಗೆದ ರಕ್ತವನ್ನು, ಕೆಡಬಾರದೆಂಬ ಸದ್ಭಾವನೆಯಿಂದ, ಯಾರೋ ವಾರ್ಡಿನ ಫ್ರಿಜ್ಜಿನಲ್ಲಿ ಇನ್ಸುಲಿನ್ ವಯಲ್‌ಗಳ ಪಕ್ಕ ಇಟ್ಟಿದ್ದರು. ಹಾಲು ಮೊಸರನ್ನು ಕೆಡದಂತೆ ಇಡುವ ಜಾಗ ಕಲ್ಚರ್ ಬಾಟಲಿಗೆ ತಕ್ಕದ್ದಲ್ಲ. ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯಬೇಕು, ಬೆಳೆಯುವುದಕ್ಕೆ ಅದಕ್ಕೆ ದೇಹದಷ್ಟೇ ಶಾಖ ಬೇಕು. ಯಂತ್ರದೊಳಗೆ 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಬಾಟಲಿಯನ್ನು ಅಲುಗಾಡಿಸುತ್ತ ಇಟ್ಟಾಗ, ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ಇಂಗಾಲದ ಡೈಆಕ್ಸೈಡನ್ನು ಬಾಟಲಿಯ ತಳದ ಸೆನ್ಸರ್ ಗುರುತಿಸುತ್ತದೆ, ಯಂತ್ರ ಬೀಪ್ ಎನ್ನುತ್ತದೆ. ಫ್ರಿಜ್ಜಿನಲ್ಲಿ ಕಳೆದ ಆ ಒಂಬತ್ತು ಗಂಟೆಗಳು ನಮ್ಮಿಂದ ಕಳೆದುಹೋದವು. ರಾತ್ರಿ ಪಾಳಿಯಲ್ಲಿ ಪ್ರಯೋಗಾಲಯ ಮುಚ್ಚಿರುತ್ತದೆ, ಬಾಟಲಿಯನ್ನು ಎಲ್ಲಿಡಬೇಕೆಂದು ನಾವು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಆ ದಾದಿಯನ್ನು ದೂರಲು ನನಗೆ ಯಾವ ಹಕ್ಕೂ ಇರಲಿಲ್ಲ.

ಅದೃಷ್ಟವಶಾತ್ ಬ್ಯಾಕ್ಟೀರಿಯಾ ಬದುಕಿತ್ತು. ಯಂತ್ರಕ್ಕೆ ಹಾಕಿದ ಹದಿನಾಲ್ಕು ಗಂಟೆಗಳಲ್ಲಿ ಬಲಗೈಯ ಬಾಟಲಿ ಪಾಸಿಟಿವ್ ಆಯಿತು. ಗ್ರಾಂ ಬಣ್ಣ ಹಾಕಿ ನೋಡಿದಾಗ ಗುಲಾಬಿ ಬಣ್ಣದ ಕಡ್ಡಿಗಳು ಕಂಡವು, ಐಸಿಯುಗೆ ಆಗಲೇ ಫೋನ್ ಹೋಯಿತು. ನಾಲ್ಕನೆಯ ದಿನದ ಹೊತ್ತಿಗೆ ಪೂರ್ಣ ವರದಿ ಸಿದ್ಧವಾಯಿತು: ಎಶ್ಚೆರಿಚಿಯಾ ಕೋಲೈ, ಇಎಸ್‌ಬಿಎಲ್ ಉತ್ಪಾದಿಸುವ ತಳಿ. ಮೂರು ಮಿಲಿಲೀಟರಿನ ಎಡಗೈ ಬಾಟಲಿಯಲ್ಲಿ ಐದು ದಿನವಾದರೂ ಏನೂ ಬೆಳೆಯಲಿಲ್ಲ.

ಇಎಸ್‌ಬಿಎಲ್ ಎಂದರೆ ಬ್ಯಾಕ್ಟೀರಿಯಾ ತಾನೇ ತಯಾರಿಸುವ ಒಂದು ಕಿಣ್ವ. ಪೆನಿಸಿಲಿನ್, ಸೆಫಲೋಸ್ಪೋರಿನ್ ಬಳಗದ ಔಷಧಗಳೆಲ್ಲದರ ಜೀವಾಳ ನಾಲ್ಕು ಪರಮಾಣುಗಳ ಒಂದು ಸಣ್ಣ ಉಂಗುರ, ಅದಕ್ಕೆ ಬೀಟಾ-ಲ್ಯಾಕ್ಟಮ್ ಎಂದು ಹೆಸರು. ಈ ಕಿಣ್ವ ಆ ಉಂಗುರವನ್ನು ಕತ್ತರಿಸಿಬಿಡುತ್ತದೆ. ಹಾಗಾಗಿ ಕ್ಲಿನಿಕ್ಕಿನಲ್ಲಿ ಕೊಟ್ಟ ಸೆಫ್ಟ್ರಿಯಾಕ್ಸೋನ್ ಈ ಸೋಂಕಿನ ಮೇಲೆ ಕೆಲಸ ಮಾಡುವ ಸಾಧ್ಯತೆಯೇ ಇರಲಿಲ್ಲ. ಅಂಥ ತಳಿ ಇವರಲ್ಲಿ ಇರಬಹುದೆಂಬ ಸುಳಿವು ಮಾತ್ರ ನಮಗೆ ಮೂರನೆಯ ದಿನ ಸಿಕ್ಕಿತು. ‘ಮೊದಲು ಏನಾದರೂ ಮಾತ್ರೆ ತೆಗೆದುಕೊಂಡಿದ್ದರಾ?’ ಎಂದು ಮತ್ತೊಮ್ಮೆ ಕೇಳಿದಾಗ ಮಗ ಅಂಗಿಯ ಕಿಸೆಯಿಂದ ಒಂದು ಸ್ಟ್ರಿಪ್ ತೆಗೆದುಕೊಟ್ಟರು. ಸೆಫಿಕ್ಸಿಮ್. ಹತ್ತು ಮಾತ್ರೆಗಳ ಪಟ್ಟಿಯಲ್ಲಿ ನಾಲ್ಕು ಉಳಿದಿದ್ದವು. ಹಿಂಬದಿಯ ಬೆಳ್ಳಿ ಹಾಳೆಯ ಮೇಲೆ ಉದ್ದಕ್ಕೂ ಕೆಂಪು ಗೆರೆ, ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂಬ ಗುರುತು. ಉರಿಮೂತ್ರವಾದಾಗ ವೈದ್ಯರ ಎರಡು ವರ್ಷ ಹಳೆಯ ಚೀಟಿ ತೋರಿಸಿ ತಂದದ್ದು, ಉರಿ ಕಡಿಮೆಯಾದ ಮೇಲೆ ನಿಲ್ಲಿಸಿದ್ದು.

ಇಲ್ಲಿ ಒಂದು ಮಾತು. ಕೋರ್ಸ್ ಪೂರ್ತಿ ಮಾಡದ್ದರಿಂದಲೇ ಹೀಗಾಯಿತು ಎಂದು ಮನೆಯವರನ್ನು ಗದರಿಸುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ನನಗೆ ಅದು ಸರಿಯೆನಿಸುವುದಿಲ್ಲ. ಉಳಿದ ನಾಲ್ಕು ಮಾತ್ರೆ ನುಂಗಿದ್ದರೂ ಇಎಸ್‌ಬಿಎಲ್ ತಳಿಗೆ ಏನೂ ಆಗುತ್ತಿರಲಿಲ್ಲ. ತೆಗೆದುಕೊಂಡ ಆರು ಮಾತ್ರೆಗಳು ಕರುಳಿನಲ್ಲಿದ್ದ ಸಾಧು ಬ್ಯಾಕ್ಟೀರಿಯಾಗಳನ್ನು ಕೊಂದು, ಸೆಫಿಕ್ಸಿಮ್‌ಗೆ ಜಗ್ಗದವುಗಳಿಗೆ ಜಾಗ ಮಾಡಿಕೊಟ್ಟವು, ಅಲ್ಲಿಂದ ಮೂತ್ರನಾಳಕ್ಕೆ ದಾರಿ ದೂರವಿಲ್ಲ. ಮೂತ್ರ ಪರೀಕ್ಷೆಯಿಲ್ಲದೆ, ಹಳೆಯ ಚೀಟಿಯ ಮೇಲೆ, ಆ ಮಾತ್ರೆಯನ್ನು ಆರಿಸಿದ್ದೇ ಮೊದಲ ತಪ್ಪು. ಸೆಫಿಕ್ಸಿಮ್ 2014ರ ಮಾರ್ಚ್‌ನಿಂದ ಮಾರಾಟಕ್ಕೆ ಕಟ್ಟುನಿಟ್ಟು ಹೆಚ್ಚಿರುವ ಔಷಧಗಳ ಪಟ್ಟಿಯಾದ ಶೆಡ್ಯೂಲ್ ಎಚ್1ರಲ್ಲಿದೆ. ಅದನ್ನು ಮಾರುವಾಗ ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆ್ಯಂಟಿಬಯಾಟಿಕ್ ನಿರೋಧದ ವಿರುದ್ಧ ದೇಶದಲ್ಲೇ ಮೊದಲು, 2018ರಲ್ಲಿ, ರಾಜ್ಯಮಟ್ಟದ ಕ್ರಿಯಾಯೋಜನೆ ತಂದದ್ದು ಕೇರಳ. ಚೀಟಿಯಿಲ್ಲದ ಮಾರಾಟ ತಡೆಯಲು 2024ರಲ್ಲಿ ‘ಆಪರೇಷನ್ ಅಮೃತ್’ ಎಂಬ ತಪಾಸಣೆಯನ್ನೂ ಆರಂಭಿಸಿತು. ಆದರೆ ನಮ್ಮ ಜಿಲ್ಲೆಯವರು ಔಷಧಕ್ಕೂ ಆಸ್ಪತ್ರೆಗೂ ರಾಜ್ಯದ ಗಡಿಯಲ್ಲಿರುವ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ, ಅಲ್ಲಿನ ಚೀಟಿ ಇಲ್ಲಿ, ಇಲ್ಲಿನ ಚೀಟಿ ಅಲ್ಲಿ ನಡೆಯುತ್ತದೆ. ಆ ಸ್ಟ್ರಿಪ್ ಗಡಿಯ ಯಾವ ಬದಿಯ ಅಂಗಡಿಯದೆಂದು ನಾನು ಕೇಳಲಿಲ್ಲ. ಮಗನ ಮುಖ ನೋಡಿದ ಮೇಲೆ ಕೇಳುವ ಮನಸ್ಸಾಗಲಿಲ್ಲ.

ನಾಲ್ಕನೆಯ ದಿನ ಐಸಿಯುವಿನಲ್ಲಿ ಸಣ್ಣ ಚರ್ಚೆಯೊಂದು ನಡೆಯಿತು. ವರದಿಯಲ್ಲಿ ಪಿಪರಾಸಿಲಿನ್-ಟಾಜೊಬ್ಯಾಕ್ಟಮ್ ಎದುರಿಗೆ ‘ಕೆಲಸ ಮಾಡುತ್ತದೆ’ ಎಂದೇ ಇತ್ತು, ಜ್ವರವೂ ಸ್ವಲ್ಪ ಇಳಿದಿತ್ತು. ಹಾಗಿದ್ದಾಗ ಅದಕ್ಕಿಂತ ಪ್ರಬಲವಾದ ಮೆರೊಪೆನಮ್‌ಗೆ ಯಾಕೆ ಏರಬೇಕು ಎಂದು ಫಿಸಿಶಿಯನ್ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. 2018ರಲ್ಲಿ ಪ್ರಕಟವಾದ ಮೆರಿನೊ ಅಧ್ಯಯನ ಇದೇ ಪ್ರಶ್ನೆಯನ್ನು ಎತ್ತಿಕೊಂಡಿತ್ತು. ಸೆಫ್ಟ್ರಿಯಾಕ್ಸೋನ್‌ಗೆ ಜಗ್ಗದ, ಆದರೆ ಪಿಪರಾಸಿಲಿನ್-ಟಾಜೊಬ್ಯಾಕ್ಟಮ್‌ಗೆ ಜಗ್ಗುವುದೆಂದು ವರದಿಯಾದ ಕೋಲೈ ಮತ್ತು ಕ್ಲೆಬ್ಸಿಯೆಲ್ಲಾ ರಕ್ತಸೋಂಕುಗಳಲ್ಲಿ, 30 ದಿನಗಳೊಳಗೆ ಸತ್ತವರು ಮೆರೊಪೆನಮ್ ಗುಂಪಿನಲ್ಲಿ ಶೇ. 3.7, ಇನ್ನೊಂದು ಗುಂಪಿನಲ್ಲಿ ಶೇ. 12.3. ನಂತರ ಆ ತಳಿಗಳನ್ನು ಹೆಚ್ಚು ಕರಾರುವಾಕ್ಕಾದ ವಿಧಾನದಲ್ಲಿ ಮರುಪರೀಕ್ಷಿಸಿದಾಗ ಅಂತರ ಕಡಿಮೆಯಾಯಿತು ನಿಜ, ಆದರೆ ಶಾಕ್‌ನಲ್ಲಿರುವ ಸಕ್ಕರೆ ಕಾಯಿಲೆಯವರ ಮೇಲೆ ಆ ಪಂಥ ಕಟ್ಟಲು ನಾನು ಒಪ್ಪಲಿಲ್ಲ. ಮೆರೊಪೆನಮ್ ಆರಂಭವಾಯಿತು. ಅದು ಸರಿಯಾದ ತೀರ್ಮಾನವೆಂದೇ ಈಗಲೂ ನನ್ನ ಅಭಿಪ್ರಾಯ. ಐದನೆಯ ದಿನ ರಕ್ತದೊತ್ತಡ ಏರಿಸುವ ಔಷಧ ನಿಂತಿತು. ಆರನೆಯ ದಿನ ಅವರು ಎದ್ದು ಕುಳಿತು ಗಂಜಿ ಕೇಳಿದರು.

ನಾವು ಎಡವಿದ್ದು ಆಮೇಲೆ.

ಬಂದ ರಾತ್ರಿ ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್ ಕೊಡಲು ಬಲತೊಡೆಯ ಸಂದಿಯ ದೊಡ್ಡ ಸಿರೆಗೆ ಸೆಂಟ್ರಲ್ ಲೈನ್ ಎಂಬ ಉದ್ದನೆಯ ಕೊಳವೆ ಹಾಕಿದ್ದರು. ತುರ್ತಿನಲ್ಲಿ ತೊಡೆಯ ಸಂದಿ ಸುಲಭವಾಗಿ ಸಿಗುವ ಜಾಗ. ಆದರೆ ಬೆವರು, ಮಲಮೂತ್ರಗಳ ಸಾಮೀಪ್ಯದಿಂದಾಗಿ ಅಲ್ಲಿ ಸೋಂಕಿನ ಭಯ ಹೆಚ್ಚು, ರಕ್ತ ಹೆಪ್ಪುಗಟ್ಟುವ ಭಯವೂ ಹೆಚ್ಚು. ಐದನೆಯ ದಿನ ನಾರ್‌ಅಡ್ರಿನಲಿನ್ ನಿಂತಾಗ ಆ ಲೈನ್‌ನ ಕೆಲಸ ಮುಗಿದಿತ್ತು. ಅದು ಮತ್ತೂ ಒಂದು ವಾರ ಅಲ್ಲೇ ಉಳಿಯಿತು. ಕೈಯಲ್ಲಿ ನರ ಸಿಗುವುದು ಕಷ್ಟ, ದಿನವೂ ರಕ್ತ ತೆಗೆಯಬೇಕು, ಲೈನ್ ಇದ್ದರೆ ಚುಚ್ಚುವುದು ತಪ್ಪುತ್ತದೆ: ಕಾರಣಗಳೆಲ್ಲ ಕರುಣೆಯ ಕಾರಣಗಳೇ. ಐಸಿಯುವಿನ ದಿನಚರಿ ಹಾಳೆಗಳನ್ನು ನಾನು ಆಮೇಲೆ ಒಂದೊಂದಾಗಿ ತಿರುವಿ ನೋಡಿದೆ. ಪ್ರತಿ ಪಾಳಿಯಲ್ಲೂ ‘ಲೈನ್ ಇದೆ, ಚೆನ್ನಾಗಿ ಹರಿಯುತ್ತಿದೆ’ ಎಂದು ಮುದ್ದಾದ ಅಕ್ಷರಗಳಲ್ಲಿ ಬರೆದಿತ್ತು. ಯಾಕಿದೆ ಎಂದು ಬರೆಯಲು ಆ ಹಾಳೆಯಲ್ಲಿ ಅಂಕಣವೇ ಇರಲಿಲ್ಲ.

ಮೆರೊಪೆನಮ್‌ನ ದಿನಗಳೂ ಹಾಗೆಯೇ ಬೆಳೆದವು. ಮೂತ್ರನಾಳದಿಂದ ಬಂದ, ಚೆನ್ನಾಗಿ ಇಳಿಯುತ್ತಿರುವ ಇಂಥ ರಕ್ತಸೋಂಕಿಗೆ ಏಳು ದಿನ ಸಾಕೆಂದು 2019ರಲ್ಲಿ 604 ರೋಗಿಗಳ ಅಧ್ಯಯನವೊಂದು ತೋರಿಸಿತ್ತು. 2024ರಲ್ಲಿ ಬಂದ ಬ್ಯಾಲೆನ್ಸ್ ಅಧ್ಯಯನ 3608 ರೋಗಿಗಳಲ್ಲಿ ಏಳು ದಿನ ಮತ್ತು ಹದಿನಾಲ್ಕು ದಿನಗಳನ್ನು ಹೋಲಿಸಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಐಸಿಯುವಿನಲ್ಲಿದ್ದವರು. ಏಳು ದಿನದವರಿಗೆ ಕೇಡೇನೂ ಆಗಲಿಲ್ಲ. ಆದರೂ ನಮ್ಮ ಚೀಟಿಯಲ್ಲಿ ಹತ್ತು ದಿನ ಎಂದಾಯಿತು, ಸಕ್ಕರೆ ಕಾಯಿಲೆ ಇದೆಯಲ್ಲ ಎಂಬ ಕಾರಣಕ್ಕೆ. ಮೆರೊಪೆನಮ್ ಸೋಂಕಿನ ಬ್ಯಾಕ್ಟೀರಿಯಾವನ್ನು ಕೊಲ್ಲುವುದರ ಜೊತೆಗೆ ಕರುಳಿನ ಇಡೀ ಹಳ್ಳಿಯನ್ನೇ ಖಾಲಿ ಮಾಡುತ್ತದೆ. ಆ ಖಾಲಿ ಜಾಗಕ್ಕೆ ಮೆರೊಪೆನಮ್‌ಗೆ ಹೆದರದ ಒಂದು ಜೀವಿ ಬಂದರೆ ಅದನ್ನು ತಡೆಯಲು ಅಲ್ಲಿ ಯಾರೂ ಉಳಿದಿರುವುದಿಲ್ಲ. ಅಂಥ ಜೀವಿ ಆ ಐಸಿಯುವಿನಲ್ಲಿ ಮೊದಲೇ ಇತ್ತು.

ಹನ್ನೊಂದನೆಯ ದಿನ ಮಧ್ಯಾಹ್ನ ದಾದಿ ಲೈನ್‌ಗೆ ಸಲೈನ್ ತಳ್ಳಿದ ಅರ್ಧ ಗಂಟೆಯಲ್ಲಿ ಅವರಿಗೆ ಹಲ್ಲು ಕಡಿಯುವಂಥ ಚಳಿ ಬಂತು. ಈ ಹೊಂದಾಣಿಕೆಯನ್ನು ದಾದಿಯೇ ಗಮನಿಸಿ ಹೇಳಿದ್ದು. ‘ಫ್ಲಶ್ ಮಾಡಿದ ಮೇಲೆ ಚಳಿ ಬಂತು ಡಾಕ್ಟ್ರೇ’ ಎಂದ ಆ ಒಂದು ವಾಕ್ಯ ನಮ್ಮನ್ನು ನೇರ ಲೈನ್‌ನತ್ತ ಕೊಂಡೊಯ್ಯಿತು. ಈ ಸಲ ರಕ್ತವನ್ನು ಲೈನ್‌ನಿಂದ ಒಂದು ಜೊತೆ, ಕೈಯಿಂದ ಒಂದು ಜೊತೆ, ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ ತೆಗೆದರು, ಬಾಟಲಿಗಳನ್ನು ನಾನೇ ಒಯ್ದು ಯಂತ್ರಕ್ಕೆ ಹಾಕಿದೆ. ಲೈನ್‌ನ ಬಾಟಲಿ 7 ಗಂಟೆ 10 ನಿಮಿಷಕ್ಕೆ ಬೀಪ್ ಎಂದಿತು, ಕೈಯದು 11 ಗಂಟೆ 20 ನಿಮಿಷಕ್ಕೆ. ಲೈನ್‌ನ ಬಾಟಲಿ ಎರಡು ಗಂಟೆ ಅಥವಾ ಅದಕ್ಕಿಂತ ಮೊದಲೇ ಪಾಸಿಟಿವ್ ಆದರೆ ಸೋಂಕಿನ ಮೂಲ ಲೈನ್ ಎಂದು ಲೆಕ್ಕ. ಇಲ್ಲಿ ಅಂತರ ನಾಲ್ಕು ಗಂಟೆ ಮೀರಿತ್ತು. ಮರುದಿನ ಬೆಳಿಗ್ಗೆ ಲೈನ್ ತೆಗೆದರು.

ಬ್ಯಾಕ್ಟೀರಿಯಾ ಬೆಳೆಸುವ ಮ್ಯಾಕಾಂಕಿ ಅಗರ್ ತಟ್ಟೆಯ ಮೇಲೆ ದಪ್ಪ ದಪ್ಪ, ಹೊಳೆಯುವ, ಗುಲಾಬಿ ಬಣ್ಣದ ಕಾಲನಿಗಳು ಬೆಳೆದವು. ತಂತಿಯ ಕುಣಿಕೆಯಿಂದ ಮುಟ್ಟಿದರೆ ಬಸಳೆಯ ದಂಟು ಮುರಿದಾಗ ಬರುವಂಥ ಲೋಳೆ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ. ಮೆರೊಪೆನಮ್ ಅದರ ಬೆಳವಣಿಗೆಯನ್ನು ಮಿಲಿಲೀಟರಿಗೆ 16 ಮೈಕ್ರೋಗ್ರಾಂನಲ್ಲಿಯೂ ನಿಲ್ಲಿಸಲಿಲ್ಲ. ಒಂದು ಸಣ್ಣ ಪಟ್ಟಿಯ ಮೇಲೆ ಹದಿನೈದು ನಿಮಿಷಗಳಲ್ಲಿ, ಮೆರೊಪೆನಮ್ ಸೇರಿದ ಕಾರ್ಬಪೆನಮ್ ಬಳಗದ ಔಷಧಗಳನ್ನು ಒಡೆಯುವ ಕಾರ್ಬಪೆನಮೇಸ್ ಕಿಣ್ವಗಳನ್ನು ತೋರಿಸುವ ಪರೀಕ್ಷೆಯೊಂದಿದೆ, ಗರ್ಭ ಪರೀಕ್ಷೆಯ ಪಟ್ಟಿಯ ಹಾಗೆಯೇ ಕಾಣುತ್ತದೆ. ಅದರಲ್ಲಿ ಎರಡು ಗೆರೆ ಮೂಡಿದವು. ಎನ್‌ಡಿಎಂ ಒಂದು, ಒಕ್ಸಾ-48 ಬಳಗದ್ದು ಇನ್ನೊಂದು. ಎರಡನೆಯ ಗೆರೆ ಮೊದಲು ಮಸುಕಾಗಿತ್ತು, ಕಿಟಕಿಯ ಬೆಳಕಿಗೆ ಹಿಡಿದು ನಾನೂ ತಂತ್ರಜ್ಞೆಯೂ ಎರಡೆರಡು ಸಲ ನೋಡಿದೆವು.

ಎನ್‌ಡಿಎಂ ಎಂಬ ಹೆಸರಿನಲ್ಲಿ ನಮ್ಮ ರಾಜಧಾನಿಯೇ ಇದೆ, ಬಿಡಿಸಿದರೆ ನ್ಯೂ ಡೆಲ್ಲಿ ಮೆಟಲೊ-ಬೀಟಾ-ಲ್ಯಾಕ್ಟಮೇಸ್. ದೆಹಲಿಯಲ್ಲಿ ಚಿಕಿತ್ಸೆ ಪಡೆದು 2008ರಲ್ಲಿ ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ ಕಂಡ ಈ ಕಿಣ್ವವನ್ನು 2009ರಲ್ಲಿ ವರದಿ ಮಾಡಿದವರು ಆ ಹೆಸರಿಟ್ಟರು. ಹೆಸರಿನ ಬಗ್ಗೆ ನಮ್ಮಲ್ಲಿ ಆಗ ಎದ್ದ ಸಿಟ್ಟು ಸಹಜವಾದದ್ದೇ, ಆದರೆ ಆ ಸಿಟ್ಟಿನಲ್ಲಿ ಕೆಲವು ವರ್ಷ ಅಮೂಲ್ಯ ಕೆಲಸ ಹಿಂದೆ ಬಿತ್ತೆಂದು ನನಗನಿಸುತ್ತದೆ. ಈ ಕಿಣ್ವ ತನ್ನೊಳಗಿನ ಸತುವಿನ ಅಯಾನುಗಳ ನೆರವಿನಿಂದ ಮೆರೊಪೆನಮ್‌ನ ಉಂಗುರವನ್ನೂ ಒಡೆಯುತ್ತದೆ. ಇದರ ಜೀನ್ ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆಯ ಮೇಲೆ ಕುಳಿತಿರುವುದರಿಂದ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ, ಕ್ಲೆಬ್ಸಿಯೆಲ್ಲಾದಿಂದ ಕೋಲೈಗೂ, ದಾಟಿಹೋಗುತ್ತದೆ. ಕಾರ್ಬಪೆನಮ್‌ಗೆ ಜಗ್ಗದ ಕ್ಲೆಬ್ಸಿಯೆಲ್ಲಾವನ್ನು ವಿಶ್ವ ಆರೋಗ್ಯ ಸಂಸ್ಥೆ 2024ರ ಪಟ್ಟಿಯಲ್ಲಿ ಅತ್ಯಂತ ಗಂಭೀರವಾದ ವರ್ಗದಲ್ಲಿರಿಸಿದೆ. 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಔಷಧನಿರೋಧಕ ಬ್ಯಾಕ್ಟೀರಿಯಾಗಳು ನೇರ ಕಾರಣವಾದ ಸಾವುಗಳು 12.7 ಲಕ್ಷವೆಂದು ಅಂದಾಜು. ಆ ಅಂದಾಜಿನಲ್ಲಿ ಮುಖ್ಯ ಪಾತ್ರ ವಹಿಸಿದ ಬೆರಳೆಣಿಕೆಯ ಜೀವಿಗಳಲ್ಲಿ ಇದೂ ಒಂದು.

ಕಿರಿಯ ವೈದ್ಯರು ಕೊಲಿಸ್ಟಿನ್ ಕೊಡೋಣವೆಂದರು. ಜಪಾನಿನಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಪಡೆದ, 1950ರ ದಶಕದಲ್ಲಿ ಬಳಕೆಗೆ ಬಂದ, ಮೂತ್ರಪಿಂಡಕ್ಕೆ ಮಾಡುವ ಹಾನಿಯಿಂದಾಗಿ ಮೂಲೆಗೆ ಸರಿದ ಈ ಹಳೆಯ ಔಷಧವನ್ನು ಬೇರೆ ದಾರಿಯಿಲ್ಲದೆ ನಾವು ಮತ್ತೆ ಹೊರತೆಗೆದಿದ್ದೇವೆ. ಕೋಳಿ, ಜಾನುವಾರುಗಳ ಸಾಕಣೆಯಲ್ಲಿ ಅದರ ಬಳಕೆಯನ್ನು ಭಾರತ 2019ರ ಜುಲೈನಲ್ಲಿ ನಿಷೇಧಿಸಿದ್ದು ಅದನ್ನು ಮನುಷ್ಯರಿಗಾಗಿ ಉಳಿಸಿಕೊಳ್ಳಬೇಕೆಂದೇ. ಆದರೆ ಕ್ರಿಯಾಟಿನಿನ್ ಈಗಷ್ಟೇ 1.3ಕ್ಕೆ ಇಳಿದಿರುವ ಮೂತ್ರಪಿಂಡಗಳಿಗೆ ಅದನ್ನು ಕೊಡಲು ನನಗೆ ಧೈರ್ಯ ಬರಲಿಲ್ಲ. ಪರೀಕ್ಷೆಯ ತೊಡಕೂ ಇದೆ. ಕೊಲಿಸ್ಟಿನ್ ದೊಡ್ಡ ಅಣು, ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ, ಹಾಗಾಗಿ ಔಷಧ ತುಂಬಿದ ಕಾಗದದ ಬಿಲ್ಲೆಯಿಟ್ಟು ನೋಡುವ ಮಾಮೂಲಿ ಪರೀಕ್ಷೆ ಅದಕ್ಕೆ ಒಗ್ಗದು. ಪ್ರಯೋಗಾಲಯಗಳಿಗೆ ಮಾನದಂಡ ಹಾಕಿಕೊಡುವ ಸಿಎಲ್‌ಎಸ್‌ಐ ಸಂಸ್ಥೆ 2020ರಿಂದ ಈ ಔಷಧದ ಎದುರು ‘ಕೆಲಸ ಮಾಡುತ್ತದೆ’ ಎಂದು ಬರೆಯುವ ವರ್ಗವನ್ನೇ ತೆಗೆದುಹಾಕಿದೆ.

ಉಳಿದದ್ದು ಒಂದು ಜೋಡಿ. ಅಜ್ಟ್ರಿಯೋನಮ್ ಎಂಬ ಔಷಧವನ್ನು ಎನ್‌ಡಿಎಂ ಒಡೆಯಲಾರದು. ಆದರೆ ಅದೇ ಬ್ಯಾಕ್ಟೀರಿಯಾದೊಳಗೆ ಜೊತೆಗಿರುವ ಇಎಸ್‌ಬಿಎಲ್ ಒಡೆಯುತ್ತದೆ. ಸೆಫ್ಟಾಜಿಡಿಮ್ ಜೊತೆ ಬರುವ ಅವಿಬ್ಯಾಕ್ಟಮ್ ಇಎಸ್‌ಬಿಎಲ್ ಅನ್ನೂ ಒಕ್ಸಾ-48 ಅನ್ನೂ ಕಟ್ಟಿಹಾಕುತ್ತದೆ, ಎನ್‌ಡಿಎಂ ಮುಂದೆ ಮಾತ್ರ ಸೋಲುತ್ತದೆ. ಒಂದು ಸೋತಲ್ಲಿ ಇನ್ನೊಂದು ಗೆಲ್ಲುವುದರಿಂದ ಎರಡನ್ನೂ ಒಟ್ಟಿಗೆ ಕೊಡಬೇಕು. ಇದನ್ನು ನಂಬಿಕೆಯ ಮೇಲೆ ಬಿಡದೆ ಪರೀಕ್ಷಿಸಿದೆವು. ನಾಲ್ಕು ಕೊಳವೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಸಾರು ತೆಗೆದುಕೊಂಡು, ಒಂದಕ್ಕೆ ಏನೂ ಹಾಕದೆ, ಎರಡನೆಯದಕ್ಕೆ ಅಜ್ಟ್ರಿಯೋನಮ್ ಬಿಲ್ಲೆ, ಮೂರನೆಯದಕ್ಕೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಬಿಲ್ಲೆ, ನಾಲ್ಕನೆಯದಕ್ಕೆ ಎರಡನ್ನೂ ಹಾಕಿ, ಔಷಧ ಸಾರಿಗಿಳಿದ ಮೇಲೆ ಬ್ಯಾಕ್ಟೀರಿಯಾ ಬಿಟ್ಟು ರಾತ್ರಿಯಿಡೀ ಇಟ್ಟೆವು. ಬೆಳಿಗ್ಗೆ ಮೂರು ಕೊಳವೆಗಳು ಅಕ್ಕಿ ತೊಳೆದ ನೀರಿನಂತೆ ಕದಡಿದ್ದವು. ನಾಲ್ಕನೆಯದರ ಹಿಂದೆ ಹಿಡಿದ ಕಾಗದದ ಅಕ್ಷರ ಸ್ಪಷ್ಟವಾಗಿ ಓದುತ್ತಿತ್ತು.

ಔಷಧವನ್ನು ಅದಕ್ಕೂ ಮೊದಲೇ, ಪಟ್ಟಿಯ ಪರೀಕ್ಷೆಯ ಆಧಾರದ ಮೇಲೆಯೇ, ತರಿಸಿದ್ದೆವು. ನಮ್ಮಲ್ಲಿ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ದಾಸ್ತಾನಿರಲಿಲ್ಲ, ಮಂಗಳೂರಿನಿಂದ ಬರಬೇಕಾಯಿತು. ಐವತ್ತು ಕಿಲೋಮೀಟರಿನ ದಾರಿ. 2020ರಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದ ದಿನಗಳನ್ನು ಇಲ್ಲಿಯವರು ಯಾರೂ ಮರೆತಿಲ್ಲ, ಈಗ ದಾರಿ ತೆರೆದಿದ್ದರೂ ಮಳೆಯಲ್ಲಿ ಹೆದ್ದಾರಿ ದಾಟಿ ಔಷಧದ ಪೆಟ್ಟಿಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಆ ಹೊತ್ತಿಗೆ ರಕ್ತದೊತ್ತಡ ಮತ್ತೆ ಇಳಿಯತೊಡಗಿ, ನಾರ್‌ಅಡ್ರಿನಲಿನ್ ಅನ್ನು ಈ ಸಲ ಕೈಯ ದಪ್ಪ ಸಿರೆಯಿಂದಲೇ, ಕಣ್ಣಿಟ್ಟು ನೋಡುತ್ತ, ಕೊಡುತ್ತಿದ್ದರು.

ಅದೇ ಸಂಜೆ ಮಗ ಪ್ರಯೋಗಾಲಯದ ಬಾಗಿಲಿಗೆ ಬಂದರು. ಬಿಲ್ಲು ಕೈಯಲ್ಲಿತ್ತು, ಆದರೆ ಕೇಳಿದ್ದು ಬಿಲ್ಲಿನ ವಿಷಯವನ್ನಲ್ಲ.

‘ಡಾಕ್ಟ್ರೇ, ಅಮ್ಮ ಬರುವಾಗ ಇದ್ದ ಜ್ವರವೇ ತಿರುಗಿ ಬಂದದ್ದಾ, ಅಲ್ಲ ಬೇರೆಯಾ?’

‘ಬೇರೆ. ಮೊದಲಿನದ್ದು ಗುಣ ಆಗಿತ್ತು. ಇದು ಇಲ್ಲಿ ಬಂದದ್ದು, ತೊಡೆಯಲ್ಲಿದ್ದ ಆ ಪೈಪಿನ ಮೂಲಕ.’

‘ಅದನ್ನು ಮೊದಲೇ ತೆಗೀಬಹುದಿತ್ತಾ?’

‘ತೆಗೆಯಬಹುದಿತ್ತು. ಒಂದು ವಾರದ ಮೊದಲೇ ತೆಗೆಯಬೇಕಿತ್ತು.’

ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾವು ಕೊಟ್ಟ ಮಾತ್ರೆಯಿಂದಲೇ ಇದೆಲ್ಲ ಆಯಿತು ಅಂತ ಎಣಿಸಿದ್ದೆ, ಹೆಂಡತಿ ಮೂರು ದಿನದಿಂದ ಸರಿ ಊಟ ಮಾಡಲಿಲ್ಲ’ ಎಂದರು. ಆ ಮಾತು ನನ್ನನ್ನು ಬಹಳ ಕಾಲ ಕಾಡಿತು. ಮನೆಯವರು ಹೊತ್ತುಕೊಂಡ ತಪ್ಪಿನ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮದಾಗಿತ್ತು, ನಾವು ಹೇಳದಿದ್ದರೆ ಅದು ಅವರ ಮೇಲೆಯೇ ಉಳಿಯುತ್ತಿತ್ತು. ಹೀಗೆ ಬಾಯಿಬಿಟ್ಟು ಹೇಳಿದ್ದು ಆಸ್ಪತ್ರೆಯ ಕೆಲವರಿಗೆ ಸರಿ ಕಾಣಲಿಲ್ಲ. ಎರಡನೆಯ ಸೋಂಕಿನ ಔಷಧದ ಖರ್ಚನ್ನು ಕುಟುಂಬದ ಬಿಲ್ಲಿಗೆ ಸೇರಿಸಬಾರದೆಂದು ನಾನು ಬರೆದುಕೊಟ್ಟದ್ದಕ್ಕೆ ಆಡಳಿತ ಅರ್ಧ ಮಾತ್ರ ಒಪ್ಪಿತು. ರೋಗಿಗೆ ಆಸ್ಪತ್ರೆಯಲ್ಲಿ ತಗುಲಿದ ಸೋಂಕನ್ನು ಆಸ್ಪತ್ರೆಯದೆಂದು ರೋಗಿಯ ಮನೆಯವರಿಗೆ ಹೇಳುವುದು ಚಿಕಿತ್ಸೆಯ ಭಾಗವೆಂದೇ ನಾನು ನಂಬಿದ್ದೇನೆ. ಹೇಳದ ಕಡೆ ಅದರ ಮೂಲವನ್ನು ಹುಡುಕುವವರೂ ಇರುವುದಿಲ್ಲ.

ಮೂಲವನ್ನು ಹುಡುಕಿದೆವು. ಐಸಿಯುವಿನ ಉಳಿದ ಐದು ರೋಗಿಗಳ ಗುದದ್ವಾರದ ಸ್ವ್ಯಾಬ್ ತೆಗೆದಾಗ ಇಬ್ಬರಲ್ಲಿ ಎನ್‌ಡಿಎಂ ಮತ್ತು ಒಕ್ಸಾ-48 ಎರಡೂ ಇರುವ ಕ್ಲೆಬ್ಸಿಯೆಲ್ಲಾ ಸಿಕ್ಕಿತು. ಅವರಿಗೆ ಸೋಂಕಿನ ಲಕ್ಷಣವೇನೂ ಇರಲಿಲ್ಲ, ಕರುಳಿನಲ್ಲಿ ಸುಮ್ಮನೆ ಹೊತ್ತುಕೊಂಡಿದ್ದರು. ಅವರಲ್ಲೊಬ್ಬರು, ಪಕ್ಕದ ಮಂಚದವರು, ಮೂರು ವಾರಗಳ ಹಿಂದೆ ಗಡಿಯಾಚೆಯ ಒಂದು ಆಸ್ಪತ್ರೆಯಲ್ಲಿ ದೀರ್ಘಕಾಲ ವೆಂಟಿಲೇಟರಿನಲ್ಲಿದ್ದು ನಮ್ಮಲ್ಲಿಗೆ ವರ್ಗವಾದವರು. ಅವರ ಜೊತೆ ಬಂದ ಮೂರು ಪುಟಗಳ ಪತ್ರದಲ್ಲಿ ಔಷಧಗಳ ಪಟ್ಟಿಯಿತ್ತು, ಕಲ್ಚರ್ ವರದಿ ಒಂದೂ ಇರಲಿಲ್ಲ. ಐಸಿಯುವಿನ ಕೈತೊಳೆಯುವ ಬೇಸಿನ್‌ನ ನೀರು ಇಳಿಯುವ ಬಾಯಿಯಿಂದ ತೆಗೆದ ಸ್ವ್ಯಾಬಿನಲ್ಲೂ ಅಂಥದೇ ಜೀವಿ ಬೆಳೆಯಿತು. ಎಲ್ಲವೂ ಒಂದೇ ತಳಿಯೆಂದು ಸಾಧಿಸಲು ಜೀನೋಮ್ ಓದಬೇಕಿತ್ತು, ಅದಕ್ಕೆ ನಮ್ಮಲ್ಲಿ ಸೌಕರ್ಯವಿಲ್ಲ. ಆದ್ದರಿಂದ ಪಕ್ಕದ ಮಂಚದಿಂದ ಈ ಮಂಚಕ್ಕೆ ಬಂತೆಂದು ನಾನು ಖಚಿತವಾಗಿ ಬರೆಯಲಾರೆ. ಬಂದಿದ್ದರೆ ಯಾವ ದಾರಿಯಲ್ಲಿ ಬಂದಿರಬಹುದೆಂದು ಮಾತ್ರ ಬರೆಯಬಲ್ಲೆ.

ಒಂದು ಪಾಳಿಯುದ್ದಕ್ಕೂ ಮೂಲೆಯಲ್ಲಿ ನಿಂತು ನೋಡಿದೆ. ಆ ದಿನ ಆರು ರೋಗಿಗಳಿಗೆ ಇಬ್ಬರೇ ದಾದಿಯರು. ಒಬ್ಬರು ಪಕ್ಕದ ಮಂಚದವರ ಮಲ ತೆಗೆಯುತ್ತಿರುವಾಗ ಇನ್ನೊಂದು ಮಂಚದ ಪಂಪ್ ಕಿರುಚಿತು. ಕೈಗವಸು ಬದಲಿಸಿದರು, ಕೈಗೆ ಸ್ಪಿರಿಟ್ ಹಚ್ಚಿಕೊಳ್ಳಲು ಪುರುಸೊತ್ತಾಗಲಿಲ್ಲ, ಲೈನ್‌ನ ತುದಿಯ ಹಬ್ ಅನ್ನು ಒರೆಸದೆ ಸಿರಿಂಜ್ ಜೋಡಿಸಿದರು. ಹಬ್ ಅನ್ನು ಸ್ಪಿರಿಟ್ ಹತ್ತಿಯಿಂದ ಹದಿನೈದು ಸೆಕೆಂಡು ತಿಕ್ಕಬೇಕು. ಹದಿನೈದು ಸೆಕೆಂಡು ಎಷ್ಟು ದೀರ್ಘವೆಂದು ಆ ಪಾಳಿಯಲ್ಲಿ ನಿಂತವರಿಗೇ ಗೊತ್ತು. ಅಮೆರಿಕದ ಮಿಚಿಗನ್ ರಾಜ್ಯದ ಐಸಿಯುಗಳಲ್ಲಿ ಕೈತೊಳೆಯುವುದು, ಲೈನ್ ಹಾಕುವಾಗ ಪೂರ್ತಿ ಹೊದಿಕೆ, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್, ತೊಡೆಯ ಸಂದಿಯನ್ನು ಆದಷ್ಟು ತಪ್ಪಿಸುವುದು, ಬೇಡದ ಲೈನನ್ನು ತೆಗೆಯುವುದು ಎಂಬ ಐದೇ ಕ್ರಮಗಳಿಂದ ಲೈನ್ ಸೋಂಕಿನ ಮಧ್ಯಮ ಪ್ರಮಾಣ ಸಾವಿರ ಲೈನ್-ದಿನಗಳಿಗೆ 2.7ರಿಂದ ಮೂರು ತಿಂಗಳಲ್ಲಿ ಸೊನ್ನೆಗಿಳಿಯಿತೆಂದು 2006ರಲ್ಲಿಯೇ ವರದಿಯಾಗಿತ್ತು. ಅವುಗಳಲ್ಲಿ ಯಾವುದೂ ಹೊಸ ಔಷಧವನ್ನು ಬೇಡುವುದಿಲ್ಲ, ಕೈಗಳನ್ನು ಬೇಡುತ್ತದೆ.

ನಮ್ಮಲ್ಲಿ ಆದ ಬದಲಾವಣೆಗಳು ಸಣ್ಣವು. ರಾತ್ರಿಯ ಕಲ್ಚರ್ ಬಾಟಲಿಗಳನ್ನು ಯಂತ್ರಕ್ಕೆ ಹಾಕುವುದನ್ನು ತುರ್ತು ವಿಭಾಗದ ಇಬ್ಬರು ದಾದಿಯರಿಗೆ ಕಲಿಸಿ, ಪ್ರಯೋಗಾಲಯದ ಕೀಲಿಯೊಂದನ್ನು ಅಲ್ಲೇ ಇಟ್ಟೆವು. ದಿನಚರಿ ಹಾಳೆಯಲ್ಲಿ ‘ಲೈನ್ ಇಂದು ಯಾಕೆ ಬೇಕು’ ಎಂಬ ಅಂಕಣ ಸೇರಿತು. ಅದನ್ನು ಖಾಲಿ ಬಿಟ್ಟರೆ ಲೈನ್ ತೆಗೆಯಬೇಕು. ಬೇರೆ ಆಸ್ಪತ್ರೆಯಿಂದ ವರ್ಗವಾಗಿ ಬರುವವರಿಗೆ ಮೊದಲ ದಿನವೇ ಸ್ವ್ಯಾಬ್ ತೆಗೆಯುತ್ತೇವೆ, ವರದಿ ಬರುವವರೆಗೆ ಕೊನೆಯ ಮಂಚದಲ್ಲಿ ಇಡುತ್ತೇವೆ. ಬೇಸಿನ್ ಬದಲಾಯಿತು. ದಾದಿಯರ ಸಂಖ್ಯೆ ಹೆಚ್ಚಿಸಬೇಕೆಂಬ ಬೇಡಿಕೆ ಕಡತದಲ್ಲಿದೆ.

ಹದಿನಾಲ್ಕನೆಯ ದಿನ ತೆಗೆದ ರಕ್ತದಲ್ಲಿ ಏನೂ ಬೆಳೆಯಲಿಲ್ಲ. ಅಲ್ಲಿಂದ ಏಳು ದಿನ ಎಣಿಸಿ ಔಷಧ ನಿಲ್ಲಿಸಿದೆವು, ಈ ಸಲ ಯಾರೂ ಹತ್ತು ಎನ್ನಲಿಲ್ಲ. ಅವರು ಇಪ್ಪತ್ತೈದನೆಯ ದಿನ ಮನೆಗೆ ಹೋದರು. ನಡಿಗೆ ನಿಧಾನವಾಗಿತ್ತು, ತೂಕ ಆರು ಕಿಲೋ ಇಳಿದಿತ್ತು.

ಹೊರಡುವಾಗ ಸೊಸೆ, ಅಡುಗೆ ಮನೆಯಲ್ಲಿ ಪಾತ್ರೆ ಬೇರೆ ಇಡಬೇಕೇ, ಮಕ್ಕಳು ಅಜ್ಜಿಯ ಬಳಿ ಮಲಗಬಹುದೇ ಎಂದು ಕೇಳಿದರು. ಪಾತ್ರೆ ಬೇರೆ ಬೇಡ, ಮಕ್ಕಳು ಧಾರಾಳವಾಗಿ ಮಲಗಲಿ, ಶೌಚದ ನಂತರ ಸೋಪಿನಿಂದ ಕೈತೊಳೆದರೆ ಸಾಕು ಎಂದೆ. ಆರೋಗ್ಯವಂತರ ಕರುಳಿನಲ್ಲಿ ಈ ಜೀವಿಗೆ ಅಷ್ಟು ಸುಲಭವಾಗಿ ಜಾಗ ಸಿಗುವುದಿಲ್ಲ. ಆದರೆ ಅವರ ಕರುಳಿನಲ್ಲಿ ಅದು ತಿಂಗಳುಗಟ್ಟಲೆ ಉಳಿಯಬಹುದಾದ್ದರಿಂದ, ಮುಂದೆ ಯಾವ ಆಸ್ಪತ್ರೆಗೆ ಹೋದರೂ ತೋರಿಸಲೆಂದು ಒಂದು ಕಾರ್ಡ್ ಬರೆದುಕೊಟ್ಟೆ. ಒಂದು ಬದಿಯಲ್ಲಿ ಕನ್ನಡ, ಇನ್ನೊಂದು ಬದಿಯಲ್ಲಿ ಇಂಗ್ಲಿಷ್, ಕೆಳಗೆ ಪ್ರಯೋಗಾಲಯದ ಫೋನ್ ನಂಬರ್.

ಮೂರು ತಿಂಗಳ ನಂತರ ತೆಗೆದ ಸ್ವ್ಯಾಬ್ ಇನ್ನೂ ಪಾಸಿಟಿವ್ ಇತ್ತು. ಆ ಹೊತ್ತಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಅವರು ಗಡಿಯಾಚೆಯ ಒಂದು ಆಸ್ಪತ್ರೆಗೆ ಹೋಗುವುದಿತ್ತು. ಕಾರ್ಡ್ ಇದೆಯೇ ಎಂದು ಕೇಳಿದಾಗ ಎಲೆಯಡಿಕೆಯ ಸಂಚಿಯಿಂದ, ಸುಣ್ಣದ ಡಬ್ಬಿಯ ಪಕ್ಕದಿಂದ, ನಾಲ್ಕಾಗಿ ಮಡಿಸಿದ್ದನ್ನು ತೆಗೆದು ತೋರಿಸಿದರು. ಅದರ ಮರುವಾರ ಪ್ರಯೋಗಾಲಯದ ಫೋನಿಗೆ ಒಂದು ಕರೆ ಬಂತು. ಆ ಆಸ್ಪತ್ರೆಯ ದಾದಿಯೊಬ್ಬರು ಕಾರ್ಡ್ ಓದಿ, ಇವರನ್ನು ಯಾವ ಮಂಚದಲ್ಲಿ ಇಡಬೇಕು, ಶೌಚಾಲಯ ಬೇರೆ ಬೇಕೇ ಎಂದು ಕೇಳುತ್ತಿದ್ದರು. ಗಡಿಯ ಆ ಬದಿಯಿಂದ ಇಂಥ ಪ್ರಶ್ನೆ ಕೇಳಿ ನನಗೆ ಫೋನ್ ಬಂದದ್ದು ಅದೇ ಮೊದಲು.